ಬ್ರೇಕಿಗೆ ಬಳಿದ ಕೆಂಪು ಬಣ್ಣ

ನಮ್ಮ ಮನೆಯ ಕಾರಿನ ಮುಂದಿನ ಬ್ರೇಕ್ ಕ್ಯಾಲಿಪರುಗಳಿಗೆ ಕೆಂಪು ಬಣ್ಣ ಬಳಿಸಿದ್ದು ನನ್ನ ತಮ್ಮ. ಅದಕ್ಕೆ ದುಡ್ಡು ಕೊಟ್ಟವರಲ್ಲಿ ನಾನೂ ಒಬ್ಬಳು. ತಿಂಗಳುಗಟ್ಟಲೆ ಬಾಕಿಯಿದ್ದ ಫೆಲೋಶಿಪ್ ಒಟ್ಟಿಗೆ ಬಂದಿತ್ತು, ಅದರಲ್ಲಿ 20,000 ರೂಪಾಯಿ ಅವನ ಖಾತೆಗೆ ಹಾಕಿದೆ. "ಅಕ್ಕಾ, ಇದು ಶೋಕಿ ಅಲ್ಲ, ಸೇಫ್ಟಿ" ಅಂದಿದ್ದ. ನಂಬಿದೆ. ಹಾಗಾಗಿ ಈ ಬರಹದ ಸಿಟ್ಟು ಮೊದಲು ನನ್ನ ಮೇಲೆ, ಆಮೇಲೆ ಉಳಿದವರ ಮೇಲೆ.

ಕಾರು 2013ರಲ್ಲಿ ಅಪ್ಪ ಕೊಂಡ ಪುಟ್ಟ ಹ್ಯಾಚ್‌ಬ್ಯಾಕ್. ಮುಂದೆ ಡಿಸ್ಕ್, ಹಿಂದೆ ಡ್ರಮ್, ಎಬಿಎಸ್ ಇಲ್ಲ. ನಮ್ಮ ದೇಶದಲ್ಲಿ ಎಲ್ಲ ಹೊಸ ಕಾರುಗಳಿಗೂ ಎಬಿಎಸ್ ಕಡ್ಡಾಯವಾದದ್ದು 2019ರ ಏಪ್ರಿಲ್‌ನಿಂದ. ಅದಕ್ಕೂ ಮೊದಲಿನ ಲಕ್ಷಾಂತರ ಕಾರುಗಳಂತೆ ನಮ್ಮದೂ. ಮೂಡಿಗೆರೆಯಿಂದ ಚಿಕ್ಕಮಗಳೂರಿನ ಆಸ್ಪತ್ರೆಗೆ, ಮದುವೆ ಮನೆಗಳಿಗೆ, ಚಾರ್ಮಾಡಿ ಇಳಿದು ಮುಂಡಾಜೆಯ ಅಮ್ಮನ ತವರಿಗೆ ಹೋಗಿ ಬರುವುದು ಅದರ ಕೆಲಸ. ಈ ಕೆಲಸಕ್ಕೆ ನಾವು ಕೊಟ್ಟ 'ಪರ್ಫಾರ್ಮೆನ್ಸ್ ಅಪ್‌ಗ್ರೇಡ್' ಇಷ್ಟು: ದೊಡ್ಡ ಅಲಾಯ್ ಚಕ್ರ, ಪಕ್ಕ ತೆಳುವಾದ ಅಗಲ ಟೈರು, ಕಾರನ್ನು ನೆಲಕ್ಕೆ ತಗ್ಗಿಸುವ ಗಿಡ್ಡ ಸ್ಪ್ರಿಂಗು, ತೂತು ಕೊರೆದ ಡಿಸ್ಕು, ರೇಸಿನ ಪ್ಯಾಡು, ಮೇಲೆ ಕೆಂಪು ಬಣ್ಣ. ಒಟ್ಟು 1,10,000 ರೂಪಾಯಿ. ಹಿಂದಿನ ಡ್ರಮ್ ತೆಗೆದು ಡಿಸ್ಕ್ ಹಾಕಿಸುವುದು 'ಸೆಕೆಂಡ್ ಫೇಸ್' ಎಂದು ಬಾಕಿ ಉಳಿದಿತ್ತು.

ಕಳೆದ ಡಿಸೆಂಬರಿನಲ್ಲಿ ಐದು ಜನ ಚಾರ್ಮಾಡಿ ಇಳಿಯುತ್ತಿದ್ದೆವು. ತಮ್ಮ ಮೂರನೇ, ನಾಲ್ಕನೇ ಗೇರಿನಲ್ಲೇ ಇಳಿಸುತ್ತ, ಪ್ರತಿ ತಿರುವಿನ ಹತ್ತಿರ ಬಂದ ಮೇಲೆ ಬ್ರೇಕ್ ತುಳಿಯುತ್ತಿದ್ದ. ಹೊಸ ಪ್ಯಾಡು ಹೇಗೆ ಹಿಡಿಯುತ್ತದೆ ಎಂದು ಅಪ್ಪನಿಗೆ ತೋರಿಸುವ ಉಮೇದು. ಹಿಂದಿನ ಸೀಟಿನಲ್ಲಿ ಅಮ್ಮ ಮೊದಲು ನಿಂಬೆಹಣ್ಣು ಮೂಸಿದಳು, ಆಮೇಲೆ ಕಣ್ಣು ಮುಚ್ಚಿದಳು. ಅರ್ಧ ಘಟ್ಟ ಇಳಿದಿರಬೇಕು, ಪೆಡಲು ಮೆತ್ತಗಾಯಿತು. ಮುಂದಿನ ತಿರುವಿನಲ್ಲಿ ಪೂರ್ತಿ ನೆಲ ಮುಟ್ಟಿತು. ತಮ್ಮ ಬೆಳ್ಳಗಾದ. ಪಕ್ಕದಲ್ಲಿದ್ದ ಅಪ್ಪ ಹ್ಯಾಂಡ್‌ಬ್ರೇಕ್ ಎಳೆಯುತ್ತ "ಎರಡಕ್ಕೆ ಹಾಕು, ಎರಡಕ್ಕೆ ಹಾಕು" ಎಂದು ಕೂಗಿದರು. ಕಾರು ಗುಡ್ಡದ ಬದಿಯ ಚರಂಡಿಗೆ ಇಳಿದು ನಿಂತಿತು. ಇನ್ನೊಂದು ಬದಿ ಏನಿತ್ತು ಎಂಬುದು ಆ ದಾರಿಯಲ್ಲಿ ಹೋದವರಿಗೆ ಗೊತ್ತು.

ಯಾರಿಗೂ ಏನೂ ಆಗಲಿಲ್ಲ. ಆದರೆ ನಮ್ಮನ್ನು ನಿಲ್ಲಿಸಿದ್ದು ಯಾವುದು ಎಂದು ನೋಡಿ. ಹ್ಯಾಂಡ್‌ಬ್ರೇಕ್ ದ್ರವದಿಂದ ನಡೆಯುವುದಿಲ್ಲ, ತಂತಿಯಿಂದ ಎಳೆಯುತ್ತದೆ. ಎಳೆದದ್ದು ಹಿಂದಿನ ಆ ಹಳೇ ಡ್ರಮ್ಮುಗಳನ್ನು, ಸೆಕೆಂಡ್ ಫೇಸಿನಲ್ಲಿ ಗುಜರಿಗೆ ಹೋಗಬೇಕಾಗಿದ್ದವನ್ನು. ಕೈಕೊಟ್ಟದ್ದು ಬ್ರೇಕ್ ದ್ರವ. ಅದನ್ನು ಏಳು ವರ್ಷದಿಂದ ಯಾರೂ ಬದಲಿಸಿರಲಿಲ್ಲ. ಅಷ್ಟೆಲ್ಲ ಬಿಚ್ಚಿ ಜೋಡಿಸಿದ ಗ್ಯಾರೇಜಿನವರೂ ಬದಲಿಸಲಿಲ್ಲ, ನಾವೂ ಕೇಳಲಿಲ್ಲ. ಮರುದಿನ ಉಜಿರೆಯಲ್ಲಿ ಹೊರತೆಗೆದಾಗ ಅದು ಕಾಫಿ ಡಿಕಾಕ್ಷನ್ನಿನ ಹಾಗಿತ್ತು. ಹೊಸ ದ್ರವ, ಕೂಲಿ ಎಲ್ಲ ಸೇರಿ 900 ರೂಪಾಯಿ.

ನಾನು ಸಮಾಜಶಾಸ್ತ್ರದ ಸಂಶೋಧನಾ ವಿದ್ಯಾರ್ಥಿನಿ, ಇಂಜಿನಿಯರ್ ಅಲ್ಲ. ಆದರೆ ಇಷ್ಟನ್ನು ತಿಳಿಯಲು ಪಿಯುಸಿಯ ಭೌತಶಾಸ್ತ್ರ ಸಾಕು, ಅದನ್ನು ನಾನು ದುಡ್ಡು ಹಾಕುವ ಮೊದಲು ನೆನಪಿಸಿಕೊಳ್ಳಬೇಕಿತ್ತು. ಬ್ರೇಕ್ ಎಂದರೆ ಚಲನೆಯನ್ನು ಬಿಸಿಯಾಗಿ ಬದಲಿಸುವ ಯಂತ್ರ. ಜನರೂ ಸೇರಿ 1,300 ಕಿಲೋ ತೂಗುವ ಕಾರು 600 ಮೀಟರ್ ಎತ್ತರದ ಘಟ್ಟ ಇಳಿಯುತ್ತದೆ ಎಂದುಕೊಳ್ಳಿ. ಕೆಳಗೆ ಬರುವಷ್ಟರಲ್ಲಿ ಅದು ಕಳೆದುಕೊಳ್ಳಬೇಕಾದ ಶಕ್ತಿ, 100 ಕಿ.ಮೀ. ವೇಗದಿಂದ ಹದಿನೈದು ಸಲ ಪೂರ್ತಿ ನಿಲ್ಲಿಸಿದ್ದಕ್ಕೆ ಸಮ. ಎರಡನೇ ಗೇರಿನಲ್ಲಿ ಇಳಿದರೆ ಇದರ ದೊಡ್ಡ ಪಾಲನ್ನು ಇಂಜಿನ್ನೇ ಪುಕ್ಕಟೆಯಾಗಿ ಹೊರುತ್ತದೆ. ಮೇಲಿನ ಗೇರಿನಲ್ಲಿ ಇಳಿದರೆ ಎಲ್ಲವೂ ಬ್ರೇಕಿಗೆ. ಡಾಟ್ 4 ಎಂಬ ದರ್ಜೆಯ ದ್ರವ ಹೊಸದಾಗಿರುವಾಗ ಕನಿಷ್ಠ 230 ಡಿಗ್ರಿಯವರೆಗೆ ಕುದಿಯಬಾರದು ಎಂಬುದು ಮಾನದಂಡ. ಆದರೆ ಅದು ಗಾಳಿಯ ತೇವ ಹೀರುತ್ತದೆ. ತೇವ ಸೇರಿದ ಮೇಲೆ ಅದೇ ದರ್ಜೆಗೆ ಹಾಕಿರುವ ಮಿತಿ 155 ಡಿಗ್ರಿ. ಮಲೆನಾಡಿನ ಏಳು ಮಳೆಗಾಲ ಕಂಡ ದ್ರವದ ಕತೆ ನೀವೇ ಊಹಿಸಿ. ಕುದಿದ ದ್ರವದಲ್ಲಿ ಆವಿಯ ಗುಳ್ಳೆ ಏಳುತ್ತದೆ, ಕಾಲು ಗುಳ್ಳೆಯನ್ನು ಒತ್ತುತ್ತದೆ, ಚಕ್ರಕ್ಕೆ ಏನೂ ತಲುಪುವುದಿಲ್ಲ. ರೇಸಿನ ಪ್ಯಾಡು ಬಿಸಿ ತಾಳಿತು, ದ್ರವ ತಾಳಲಿಲ್ಲ.

"ಹಾಗಾದರೆ ದ್ರವವನ್ನೂ ಬದಲಿಸಿದ್ದರೆ ಅಪ್‌ಗ್ರೇಡ್ ಸರಿಯಾಗಿತ್ತಲ್ಲ?" ಎಂದು ತಮ್ಮನ ಗೆಳೆಯರು ಕೇಳಿದರು. ಇಲ್ಲ. ನನ್ನ ಜಗಳ ಶುರುವಾಗುವುದೇ ಇಲ್ಲಿಂದ.

ಕಾರನ್ನು ನಿಲ್ಲಿಸುವುದು ಬ್ರೇಕ್ ಅಲ್ಲ, ಟೈರು. ಬ್ರೇಕ್ ಚಕ್ರವನ್ನು ಹಿಡಿಯುತ್ತದೆ, ನೆಲವನ್ನು ಹಿಡಿಯುವುದು ಅಂಗೈ ಅಗಲದ ನಾಲ್ಕು ರಬ್ಬರ್ ತುಂಡುಗಳು. ನಮ್ಮ ಹಳೇ ಬ್ರೇಕು ಜೋರಾಗಿ ತುಳಿದರೆ ಚಕ್ರವನ್ನು ಪೂರ್ತಿ ಕಚ್ಚಿ ನಿಲ್ಲಿಸುತ್ತಿತ್ತು. ಅದಕ್ಕಿಂತ ಹೆಚ್ಚು ಬಲದ ಬ್ರೇಕು ಏನು ಮಾಡುತ್ತದೆ? ಎಬಿಎಸ್ ಇಲ್ಲದ ಕಾರಿನಲ್ಲಿ ಚಕ್ರವನ್ನು ಇನ್ನೂ ಬೇಗ ಕಚ್ಚುತ್ತದೆ. ಚಕ್ರ ಕಚ್ಚಿದ ಕಾರು ಜಾರುತ್ತದೆ, ಸ್ಟೇರಿಂಗ್ ತಿರುಗಿಸಿದರೂ ಕೇಳುವುದಿಲ್ಲ. ದೊಡ್ಡ ಡಿಸ್ಕಿನ ನಿಜವಾದ ಲಾಭ ಮತ್ತೆ ಮತ್ತೆ, ಬಿಡುವಿಲ್ಲದೆ ಬ್ರೇಕ್ ಹಾಕುವಾಗ ಬಿಸಿ ತಾಳಿಕೊಳ್ಳುವುದರಲ್ಲಿ. ಅದು ಬೇಕಾಗುವುದು ರೇಸಿನ ಅಂಗಳದಲ್ಲಿ. ರೇಸಿನ ಪ್ಯಾಡೂ ಅಷ್ಟೆ, ಕಾದ ಮೇಲೆ ಚೆನ್ನಾಗಿ ಹಿಡಿಯುತ್ತದೆ, ತಣ್ಣಗಿರುವಾಗ ಕಡಿಮೆ ಹಿಡಿಯುತ್ತದೆ. ಬೆಳಿಗ್ಗೆ ಗೇಟು ದಾಟಿದ ಕೂಡಲೇ ಸೈಕಲ್ ಹುಡುಗ ಅಡ್ಡ ಬಂದರೆ ನಮ್ಮ ಪ್ಯಾಡು ತಣ್ಣಗೇ ಇರುತ್ತದೆ. ರೇಸಿಗೆ ಒಳ್ಳೆಯದಾದ ವಸ್ತು ಬೀದಿಗೆ ಕೆಟ್ಟದ್ದಾಗಬಹುದು ಎಂಬ ಸರಳ ಮಾತನ್ನು ಮಾರುವವರು ಯಾರೂ ನಮಗೆ ಹೇಳಲಿಲ್ಲ.

ಇನ್ನು 'ಹ್ಯಾಂಡ್ಲಿಂಗ್'. ಸ್ಪ್ರಿಂಗು ಗಿಡ್ಡವಾದರೆ ಕಾರಿನ ಭಾರ ನೆಲಕ್ಕೆ ಹತ್ತಿರವಾಗುತ್ತದೆ, ತಿರುವಿನಲ್ಲಿ ಓಲಾಟ ಕಡಿಮೆಯಾಗುತ್ತದೆ. ಇದು ನಿಜ, ನುಣುಪು ರಸ್ತೆಯಲ್ಲಿ. ನಮ್ಮ ರಸ್ತೆಯಲ್ಲಿ ಸ್ಪ್ರಿಂಗು ಮೇಲೆ ಕೆಳಗೆ ಆಡಲು ಜಾಗವಿರಬೇಕು. ಜಾಗವಿಲ್ಲದಿದ್ದರೆ ಗುಂಡಿಗೆ ಬಿದ್ದ ಚಕ್ರ ನೆಲ ಬಿಟ್ಟು ಹಾರುತ್ತದೆ, ನೆಲ ಬಿಟ್ಟ ಟೈರಿಗೆ ಹಿಡಿತ ಎಲ್ಲಿಯದು? ತೆಳು ಪಕ್ಕದ ಟೈರು ಗುಂಡಿಯ ಅಂಚಿಗೆ ಸಿಕ್ಕರೆ ಸೀಳುತ್ತದೆ. ಪ್ರತಿ ಹಂಪಿನ ಮೇಲೂ ಕಾರಿನ ಹೊಟ್ಟೆ ಕೆರೆಯುತ್ತಿತ್ತು. ಅಮ್ಮನ ಸೊಂಟನೋವಿಗೆ ಡಾಕ್ಟರು ಬರೆದುಕೊಟ್ಟದ್ದು ಮಾತ್ರೆ. ನನ್ನನ್ನು ಕೇಳಿದ್ದರೆ ಹಳೇ ಸ್ಪ್ರಿಂಗು ಬರೆದುಕೊಡಿ ಅನ್ನುತ್ತಿದ್ದೆ.

ಇಷ್ಟಕ್ಕೂ ಬ್ರೇಕ್ ಚೆನ್ನಾದರೆ ನಾವು ಸುರಕ್ಷಿತರಾಗುತ್ತೇವೆಯೇ? ಜರ್ಮನಿಯ ಮ್ಯೂನಿಕ್‌ನಲ್ಲಿ 1980ರ ದಶಕದಲ್ಲಿ ಟ್ಯಾಕ್ಸಿಗಳ ಮೇಲೆ ಒಂದು ಅಧ್ಯಯನ ನಡೆಯಿತು. ಒಂದೇ ಕಂಪನಿಯ ಟ್ಯಾಕ್ಸಿಗಳಲ್ಲಿ ಕೆಲವಕ್ಕೆ ಎಬಿಎಸ್ ಇತ್ತು, ಕೆಲವಕ್ಕೆ ಇರಲಿಲ್ಲ. ಎಬಿಎಸ್ ಇದ್ದವುಗಳ ಅಪಘಾತ ಒಟ್ಟಾರೆ ಕಡಿಮೆಯಾಗಲಿಲ್ಲ, ಏಕೆಂದರೆ ಅವುಗಳ ಚಾಲಕರು ಹೆಚ್ಚು ಬಿರುಸಾಗಿ ಓಡಿಸುತ್ತಿದ್ದರು. ಒಳ್ಳೆಯ ಬ್ರೇಕ್ ಕೊಟ್ಟ ಭದ್ರತೆಯನ್ನು ಅವರು ವೇಗವಾಗಿ ಖರ್ಚು ಮಾಡಿದರು. ಎಬಿಎಸ್ ಬೇಡವೆಂದು ಇದರ ಅರ್ಥವಲ್ಲ. ತುರ್ತಿನಲ್ಲಿ ಸ್ಟೇರಿಂಗ್ ಕೈಯಲ್ಲಿ ಉಳಿಸುವ ಸಾಧನ ಅದು, ಹೊಸ ಕಾರು ಕೊಳ್ಳುವವರಿಗೆ ಇರಲೇಬೇಕು. ಆದರೆ ಮನುಷ್ಯನ ಕಾಲಿಗೆ ಎಬಿಎಸ್ ಇಲ್ಲ. ಚಾರ್ಮಾಡಿಯಲ್ಲಿ ನನ್ನ ತಮ್ಮ ಮಾಡಿದ್ದೂ ಇದನ್ನೇ. ಹಳೇ ಪ್ಯಾಡು ಇದ್ದಾಗ ಅವನು ತಿರುವಿಗೆ ಮೊದಲೇ ನಿಧಾನ ಮಾಡುತ್ತಿದ್ದ.

ವೇಗದ ಲೆಕ್ಕ ನಮ್ಮ ಅಂದಾಜಿಗೆ ಸಿಗುವಂಥದ್ದಲ್ಲ. ಒಂದೇ ಬಗೆಯ ಎರಡು ಕಾರು, ಒಂದೇ ಬಗೆಯ ಬ್ರೇಕು. ಒಂದು 80ರಲ್ಲಿದೆ, ಇನ್ನೊಂದು 100ರಲ್ಲಿ. ಎರಡೂ ಒಂದೇ ಜಾಗದಲ್ಲಿ ಬ್ರೇಕ್ ಹಾಕುತ್ತವೆ. 80ರ ಕಾರು ಎಲ್ಲಿ ಪೂರ್ತಿ ನಿಂತಿತೋ ಅದೇ ಜಾಗದಲ್ಲಿ 100ರ ಕಾರು ಇನ್ನೂ 60 ಕಿ.ಮೀ. ವೇಗದಲ್ಲಿ ಓಡುತ್ತಿರುತ್ತದೆ. ಶಕ್ತಿ ವೇಗದ ವರ್ಗಕ್ಕೆ ಅನುಗುಣವಾಗಿರುವುದರಿಂದ ಹೀಗೆ. ನಡುವಿನ ವ್ಯತ್ಯಾಸ ಬರೀ 20 ಎಂದು ನಮಗನ್ನಿಸುತ್ತದೆ. ಎದುರಿಗೆ ನಿಂತ ಲಾರಿಗೆ ಅದು 60. ಈ ಅಂತರವನ್ನು ತುಂಬುವ ಕ್ಯಾಲಿಪರ್ ಯಾವ ಅಂಗಡಿಯಲ್ಲೂ ಸಿಗುವುದಿಲ್ಲ, ಬಲಗಾಲು ಸ್ವಲ್ಪ ಎತ್ತಿದರೆ ಸಿಗುತ್ತದೆ. ಕೇಂದ್ರ ಸಾರಿಗೆ ಸಚಿವಾಲಯದ ಪ್ರಕಾರ 2022ರಲ್ಲಿ ನಮ್ಮ ರಸ್ತೆಗಳಲ್ಲಿ ಸತ್ತವರು 1,68,491. ಅದರಲ್ಲಿ ಹತ್ತಕ್ಕೆ ಏಳು ಸಾವು ಅತಿವೇಗದ ಲೆಕ್ಕಕ್ಕೆ ಸೇರಿವೆ.

ಹವ್ಯಾಸಕ್ಕೆ ಕಲ್ಲು ಹಾಕುವವಳು ಎಂದು ನನ್ನನ್ನು ಬೈಯುವವರಿದ್ದಾರೆ. ಹವ್ಯಾಸಕ್ಕೆ ನನ್ನ ವಿರೋಧವಿಲ್ಲ. ಚೆನ್ನೈ ಹತ್ತಿರ ಇರುಂಗಾಟ್ಟುಕೋಟೈಯಲ್ಲಿ, ಕೊಯಮತ್ತೂರಿನ ಕರಿ ಸ್ಪೀಡ್‌ವೇಯಲ್ಲಿ ರೇಸಿನ ಅಂಗಳಗಳಿವೆ. ನಮ್ಮದೇ ಕೆ-1000 ರ‍್ಯಾಲಿ ಇದೆ. ಚಿಕ್ಕಮಗಳೂರಿನ ಕಾಫಿ ತೋಟಗಳ ದಾರಿಯಲ್ಲಿ ರ‍್ಯಾಲಿ ಕಾರುಗಳು ಧೂಳೆಬ್ಬಿಸಿ ಹೋಗುವುದನ್ನು ಚಿಕ್ಕಂದಿನಲ್ಲಿ ಬಾಯಿಬಿಟ್ಟು ನೋಡಿದವಳು ನಾನು. ಆದರೆ ಆ ಚಾಲಕರು ಹೆಲ್ಮೆಟ್ ಹಾಕುತ್ತಾರೆ, ಕಾರಿನೊಳಗೆ ಕಬ್ಬಿಣದ ಪಂಜರ ಕಟ್ಟಿರುತ್ತಾರೆ, ಬೇರೆ ವಾಹನಗಳಿಗೆ ರಸ್ತೆ ಮುಚ್ಚಿರುತ್ತಾರೆ. ಮುಖ್ಯವಾಗಿ, ಪಕ್ಕದಲ್ಲಿ ಕೂತವರು ತಾವಾಗಿ ಒಪ್ಪಿ ಕೂತಿರುತ್ತಾರೆ. ಹಿಂದಿನ ಸೀಟಿನಲ್ಲಿ ಉಪ್ಪಿನಕಾಯಿ ಭರಣಿ ಹಿಡಿದ ಅಮ್ಮ ಇರುವುದಿಲ್ಲ.

ಕಾನೂನೂ ಇದೆ. 1988ರ ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಪ್ರಕಾರ ತಯಾರಕರು ನಮೂದಿಸಿದ ವಿವರಗಳಿಗೆ ವ್ಯತ್ಯಾಸವಾಗುವಂತೆ ವಾಹನ ಬದಲಿಸಬಾರದು. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಇದನ್ನು ಎತ್ತಿಹಿಡಿಯಿತು. ಆದರೆ ನನ್ನ ವಾದ ಕಾನೂನಿನದಲ್ಲ. ಮನೆಯ ಕಾರಿನ 'ಪರ್ಫಾರ್ಮೆನ್ಸ್' ಎಂದರೇನು ಎಂದು ಯಾರು ತೀರ್ಮಾನಿಸಬೇಕು ಎಂಬುದು ನನ್ನ ಪ್ರಶ್ನೆ. ನಮ್ಮ ಮನೆಯಲ್ಲಿ ಕಾರು ಓಡಿಸುವವರು ಇಬ್ಬರು, ಅದರಲ್ಲಿ ಕೂರುವವರು ಐದು ಜನ. ಅಮ್ಮನನ್ನು ಒಂದು ಮಾತು ಕೇಳಿದ್ದರೆ, ಘಟ್ಟ ಇಳಿಯುವಾಗ ವಾಂತಿ ಬರದಂತೆ ಓಡಿಸುವುದೇ ಹ್ಯಾಂಡ್ಲಿಂಗ್ ಎನ್ನುತ್ತಿದ್ದಳು. ಮಡಿಲಲ್ಲಿಟ್ಟ ಭರಣಿ ಅಲುಗದಂತೆ ನಿಲ್ಲಿಸುವುದೇ ಬ್ರೇಕು ಎನ್ನುತ್ತಿದ್ದಳು. ಆ ವ್ಯಾಖ್ಯಾನವನ್ನು ಯಾವ ವಿಡಿಯೊದಲ್ಲೂ ಯಾರೂ ಹೇಳುವುದಿಲ್ಲ. ಅಲ್ಲಿ ಮಾತಾಡುವವರು ಸ್ಟೇರಿಂಗ್ ಹಿಡಿದ ಗಂಡಸರು. ಮನೆಯ ದುಡ್ಡು, ಅವರ ರುಚಿ.

ಹಾಗಾದರೆ ಏನೂ ಮಾಡಬಾರದೇ? ಮಾಡಬೇಕಾದ್ದು ಬೇಕಾದಷ್ಟಿದೆ. ಎರಡು ವರ್ಷಕ್ಕೊಮ್ಮೆ ಬ್ರೇಕ್ ದ್ರವ ಬದಲಿಸಿ. ಟೈರಿನ ಗೀರು 1.6 ಮಿಲಿಮೀಟರಿಗಿಂತ ಸವೆದರೆ ಅದು ಕಾನೂನಿನ ಪ್ರಕಾರವೂ ಸತ್ತ ಟೈರು. ಮಳೆಗಾಲದ ನಾಡಿನವರು ಅಷ್ಟರವರೆಗೆ ಕಾಯಲೇಬೇಡಿ. ಕಂಪನಿ ಹೇಳಿದ ಅಳತೆಯಲ್ಲೇ ಒಳ್ಳೆಯ ಟೈರು ಹಾಕಿಸಿ, ಗಾಳಿ ಸರಿಯಾಗಿಡಿ. ಸೋರುವ ಶಾಕ್ ಅಬ್ಸಾರ್ಬರ್ ಬದಲಿಸಿ, ಚಕ್ರದ ಅಲೈನ್‌ಮೆಂಟ್ ನೋಡಿಸಿ. ಹಿಂದಿನ ಡ್ರಮ್ಮನ್ನು ಬಿಚ್ಚಿ ಧೂಳು ತೆಗೆಸಿ. ಅದು ನಾಚಿಕೆಯ ವಸ್ತುವಲ್ಲ, ಹಗುರ ಕಾರಿನಲ್ಲಿ ಬ್ರೇಕಿನ ಹೆಚ್ಚಿನ ಕೆಲಸ ಮುಂದಿನ ಚಕ್ರಗಳದ್ದು, ಉಳಿದದ್ದಕ್ಕೆ ಡ್ರಮ್ಮು ಸಾಕು. ನಾವು ಈ ಎಲ್ಲವನ್ನೂ ಮಾಡಿಸಿದೆವು, ಹಳೇ ಚಕ್ರ, ಹಳೇ ಸ್ಪ್ರಿಂಗು ಮತ್ತೆ ಹಾಕಿಸಿದೆವು. ಖರ್ಚಾದದ್ದು ಮೊದಲ ಮೊತ್ತದ ಮೂರನೇ ಒಂದು ಭಾಗ. ಇದರಲ್ಲಿ ಕಣ್ಣಿಗೆ ಕಾಣುವುದು ಒಂದೂ ಇಲ್ಲ. ಯಾರೂ ಪಾರ್ಕಿಂಗಿನಲ್ಲಿ ನಿಂತು ನಿಮ್ಮ ಬ್ರೇಕ್ ದ್ರವವನ್ನು ಹೊಗಳುವುದಿಲ್ಲ. ಅದಕ್ಕೇ ಇದನ್ನು ಯಾರೂ ಮಾಡಿಸುವುದಿಲ್ಲ.

ಇನ್ನೊಂದು ಉಳಿದಿದೆ. ಆ ದಿನ ಚರಂಡಿಯಿಂದ ಕಾರು ಎತ್ತಿಸಿದ ಮೇಲೆ ಹಿಂದಿನ ಸೀಟಿನ ಬೆಲ್ಟು ಹುಡುಕಿದೆ. ಸಿಗಲಿಲ್ಲ. ಅಪ್ಪ ಕಾರು ತಂದ ವರ್ಷವೇ ಹಾಕಿಸಿದ ಸೀಟ್ ಕವರಿನ ಅಡಿಯಲ್ಲಿ ಅದರ ಬಕಲ್ಲುಗಳು ಹೂತುಹೋಗಿದ್ದವು. 2022ರ ಸೆಪ್ಟೆಂಬರಿನಲ್ಲಿ ಉದ್ಯಮಿ ಸೈರಸ್ ಮಿಸ್ತ್ರಿ ಪಾಲ್ಘರ್ ಬಳಿ ತೀರಿಕೊಂಡದ್ದು ನಮ್ಮದಕ್ಕಿಂತ ಎಷ್ಟೋ ಪಟ್ಟು ದುಬಾರಿ ಕಾರಿನಲ್ಲಿ. ಅಲ್ಲಿ ಸತ್ತ ಇಬ್ಬರೂ ಹಿಂದಿನ ಸೀಟಿನಲ್ಲಿದ್ದವರು, ಬೆಲ್ಟ್ ಹಾಕಿರಲಿಲ್ಲ ಎಂದು ಪೊಲೀಸರು ಹೇಳಿದ್ದರು. ಆ ಸುದ್ದಿಯನ್ನು ನಾವೆಲ್ಲ ಒಟ್ಟಿಗೆ ಕೂತು ಟಿವಿಯಲ್ಲಿ ನೋಡಿದ್ದೆವು. ಆಮೇಲೆ 1,10,000 ಖರ್ಚು ಮಾಡಿದೆವು, ಸೀಟ್ ಕವರನ್ನು ಕತ್ತರಿಸಲಿಲ್ಲ.

ಈಗ ಕತ್ತರಿಸಿದ್ದೇವೆ. ಅಮ್ಮನ ಹೊಲಿಗೆ ಕತ್ತರಿ, ಐದು ನಿಮಿಷದ ಕೆಲಸ. ಕಾರು ಈಗ ಸರಿಯಿದೆ ಎಂದು ಅವಳಿಗೆ ಹೇಳುತ್ತಲೇ ಇದ್ದೇವೆ. "ಇರಲಿ" ಎನ್ನುತ್ತಾಳೆ. ಮುಂಡಾಜೆಗೆ ಹೋಗುವಾಗ ಮಾತ್ರ ಇವತ್ತಿಗೂ ಬಸ್ ಸ್ಟ್ಯಾಂಡಿಗೆ ನಡೆದು ಹೋಗುತ್ತಾಳೆ. ನಿಮ್ಮ ಮನೆಯಲ್ಲಿ ಅಪ್‌ಗ್ರೇಡಿನ ಮಾತು ಎದ್ದರೆ ದಯವಿಟ್ಟು ಮೊದಲು ಹಿಂದಿನ ಸೀಟಿಗೆ ಹೋಗಿ ಕೂತು, ಕವರಿನ ಅಡಿಗೆ ಕೈ ಹಾಕಿ ನೋಡಿ.