ಕುರ್ಲಾ ಮುಳುಗುವುದು ಕುರ್ಲಾದ ಮಳೆಗಷ್ಟೇ ಅಲ್ಲ: ಮಿಠಿ ನದಿ, ವಾಕೋಲಾ ಕವಲು ಹೇಳುವ ಕಥೆ

ಮುಂಬೈ: 2025ರ ಆಗಸ್ಟ್ 19ರಂದು ಮಿಠಿ ನದಿಯ ನೀರಿನ ಮಟ್ಟ 3.9 ಮೀಟರ್‌ಗೆ ಏರುತ್ತಿದ್ದಂತೆ ಕುರ್ಲಾದ ಕ್ರಾಂತಿ ನಗರದಿಂದ ಸುಮಾರು 350 ಜನರನ್ನು ಸುರಕ್ಷಿತ ಸ್ಥಳಕ್ಕೆ ಕರೆದೊಯ್ಯಲಾಯಿತು. ಸೆಂಟ್ರಲ್ ಮತ್ತು ಹಾರ್ಬರ್ ಮಾರ್ಗಗಳ ಲೋಕಲ್ ರೈಲುಗಳೂ ನಿಂತವು. ಮಂಗಳೂರಿನಿಂದ ಹೊರಡುವ ಮತ್ಸ್ಯಗಂಧ ಎಕ್ಸ್‌ಪ್ರೆಸ್‌ನ ಕೊನೆಯ ನಿಲ್ದಾಣ ಲೋಕಮಾನ್ಯ ತಿಲಕ್ ಟರ್ಮಿನಸ್ ಇರುವುದೂ ಇದೇ ಕುರ್ಲಾದಲ್ಲಿ. ಹೀಗಾಗಿ ಇಲ್ಲಿ ನೀರು ನಿಂತರೆ ಅದರ ಬಿಸಿ ಕರಾವಳಿಯ ಮನೆಗಳಿಗೂ ತಟ್ಟುತ್ತದೆ.

ಪ್ರತಿ ಮಳೆಗಾಲದಲ್ಲೂ ಕೇಳಿಬರುವ ಪ್ರಶ್ನೆ ಒಂದೇ: ಹೂಳು ತೆಗೆದರೋ ಇಲ್ಲವೋ? ಪ್ರಶ್ನೆ ಸರಿಯಾದದ್ದೇ. ಆದರೆ ಅದಷ್ಟೇ ಸಾಲದು. ಕುರ್ಲಾದ ನೆರೆ ತೀರ್ಮಾನವಾಗುವುದು ಮೇಲಿನ ಗುಡ್ಡಗಳಲ್ಲಿ, ಪಕ್ಕದ ಕವಲುಗಳಲ್ಲಿ ಮತ್ತು ಕೆಳಗಿನ ಸಮುದ್ರದಲ್ಲಿ.

18 ಕಿ.ಮೀ. ನದಿ, 7 ಸಾವಿರ ಹೆಕ್ಟೇರ್ ಜಲಾನಯನ

ವಿಹಾರ್ ಮತ್ತು ಪೊವಾಯಿ ಕೆರೆಗಳ ಕೋಡಿ ನೀರೇ ಮಿಠಿಯ ಮೂಲ. ಅಲ್ಲಿಂದ ಸಾಕಿನಾಕಾ, ಕುರ್ಲಾ, ಬಾಂದ್ರಾ ಕುರ್ಲಾ ಕಾಂಪ್ಲೆಕ್ಸ್ (ಬಿಕೆಸಿ) ಮತ್ತು ಧಾರಾವಿಯ ಅಂಚು ದಾಟಿ ಮಾಹಿಮ್ ಬಳಿ ಸಮುದ್ರ ಸೇರುವ ಈ ನದಿಯ ಉದ್ದ ಸುಮಾರು 18 ಕಿ.ಮೀ. ಆದರೆ ಅದಕ್ಕೆ ನೀರು ಹರಿದುಬರುವ ಪ್ರದೇಶ ಸುಮಾರು 7,295 ಹೆಕ್ಟೇರ್. ಜಲಾನಯನ ಎಂದರೆ ಇದೇ. ಇಲ್ಲಿ ಬಿದ್ದ ಮಳೆ ನೆಲಕ್ಕೆ ಇಂಗದಿದ್ದರೆ ಒಂದಲ್ಲ ಒಂದು ದಾರಿಯಲ್ಲಿ ಮಿಠಿಗೇ ಬರಬೇಕು.

ಆ ದಾರಿಗಳಲ್ಲಿ ಮುಖ್ಯವಾದದ್ದು ವಾಕೋಲಾ. ಸಾಂತಾಕ್ರೂಜ್ ಪೂರ್ವ, ವಾಕೋಲಾ, ಕಲೀನಾ ಭಾಗದ ಮಳೆನೀರನ್ನು ಹೊತ್ತು ಬರುವ ಈ ಕವಲು ಬಿಕೆಸಿ ಪ್ರದೇಶದಲ್ಲಿ ಮಿಠಿಯನ್ನು ಸೇರುತ್ತದೆ. ಅಂದರೆ ಕುರ್ಲಾ ಕಡೆಯಿಂದ ಬರುವ ನೀರೂ ವಾಕೋಲಾ ಕಡೆಯಿಂದ ಬರುವ ನೀರೂ ಒಂದೇ ಬಾಯಿಯಿಂದ ಸಮುದ್ರಕ್ಕೆ ಹೋಗಬೇಕು. ಎರಡೂ ಒಟ್ಟಿಗೆ ತುಂಬಿ ಬಂದರೆ ಮುಂದೆ ಹರಿಯುವ ವೇಗ ತಗ್ಗುತ್ತದೆ, ಹಿಂದೆ ಮಟ್ಟ ಏರುತ್ತದೆ.

ಜಲವಿಜ್ಞಾನದ ಪ್ರಕಾರ ವಾಕೋಲಾ ಉಪನದಿ. ಪಾಲಿಕೆಯ ಕಡತದಲ್ಲಿ ಅದು 'ನಾಲಾ', ಅಂದರೆ ಚರಂಡಿ. ಹೆಸರು ಬದಲಾದರೆ ನೋಡುವ ದೃಷ್ಟಿಯೂ ಬದಲಾಗುತ್ತದೆ. ನದಿಗೆ ದಡ, ತಗ್ಗು, ನೀರು ಹರಡಿಕೊಳ್ಳುವ ಬಯಲು ಇರುತ್ತದೆ. ಚರಂಡಿಗೆ ಎರಡು ಗೋಡೆ ಇದ್ದರೆ ಸಾಕು.

2005 ಕಲಿಸಿದ್ದೇನು?

2005ರ ಜುಲೈ 26ರಂದು ಸಾಂತಾಕ್ರೂಜ್‌ನಲ್ಲಿ 24 ಗಂಟೆಗಳಲ್ಲಿ 944 ಮಿ.ಮೀ. ಮಳೆ ದಾಖಲಾಯಿತು. ಬೆಂಗಳೂರಿಗೆ ಇಡೀ ವರ್ಷದಲ್ಲಿ ಬೀಳುವ ಮಳೆಗೆ ಇದು ಹತ್ತಿರಹತ್ತಿರ ಸಮ. ಅಷ್ಟೇ ಮಳೆ ಮಿಠಿಯ ಇಡೀ ಜಲಾನಯನದ ಮೇಲೆ ಸಮನಾಗಿ ಬಿದ್ದರೆ ಲೆಕ್ಕ ಸುಮಾರು 6,890 ಕೋಟಿ ಲೀಟರ್. ಸುಮಾರು 2,770 ಕೋಟಿ ಲೀಟರ್ ಸಾಮರ್ಥ್ಯದ ವಿಹಾರ್ ಕೆರೆಯನ್ನು ಎರಡೂವರೆ ಬಾರಿ ತುಂಬಿಸುವಷ್ಟು ನೀರು. ಆ ದಿನ ಮಧ್ಯಾಹ್ನ ಸಮುದ್ರದಲ್ಲಿ ಉಬ್ಬರವೂ ಇತ್ತು. ಮುಂಬೈ ನಗರದಲ್ಲೇ 400ಕ್ಕೂ ಹೆಚ್ಚು ಜನ ಪ್ರಾಣ ಕಳೆದುಕೊಂಡರು.

ಬ್ರಿಟಿಷರ ಕಾಲದ ಮಳೆನೀರು ಕಾಲುವೆಗಳು ಗಂಟೆಗೆ 25 ಮಿ.ಮೀ. ಮಳೆಯ ಲೆಕ್ಕದಲ್ಲಿ, ಅದೂ ಇಳಿತದ ಸಮಯಕ್ಕೆ ಹೊಂದುವಂತೆ ಕಟ್ಟಿದವು. ಇದನ್ನು 50 ಮಿ.ಮೀ.ಗೆ ಏರಿಸಬೇಕೆಂದು 1993ರ ಬ್ರಿಮ್‌ಸ್ಟೋವಾಡ್ ವರದಿ ಹೇಳಿತ್ತು. ಮಹಾಮಳೆಯ ಬಳಿಕ ಮಾಧವರಾವ್ ಚಿತಳೆ ನೇತೃತ್ವದ ಸಮಿತಿ ಕಾರಣಗಳನ್ನು ಪರಿಶೀಲಿಸಿತು. ಮಿಠಿಗೆ ಪ್ರತ್ಯೇಕ ಪ್ರಾಧಿಕಾರವೂ ಬಂತು. ಮೇಲಿನ ಸುಮಾರು 12 ಕಿ.ಮೀ. ಮಹಾನಗರ ಪಾಲಿಕೆಗೆ, ಕೆಳಗಿನ 6 ಕಿ.ಮೀ. ಎಂಎಂಆರ್‌ಡಿಎಗೆ ಎಂದು ಕೆಲಸ ಹಂಚಲಾಯಿತು. ಅಗಲೀಕರಣ, ಆಳ ಹೆಚ್ಚಿಸುವಿಕೆ, ತಡೆಗೋಡೆ ಕಾಮಗಾರಿಗಳು ನಡೆದವು. ವಾಕೋಲಾಕ್ಕೂ ಗೋಡೆ ಬಂತು.

ನಂತರ ಹೂಳಿನ ಲೆಕ್ಕವೇ ಪೊಲೀಸ್ ಠಾಣೆಯ ಮೆಟ್ಟಿಲೇರಿತು. ಮಿಠಿಯ ಹೂಳೆತ್ತುವ ಕಾಮಗಾರಿಯಲ್ಲಿ ಪಾಲಿಕೆಗೆ 65 ಕೋಟಿ ರೂ.ಗೂ ಹೆಚ್ಚು ನಷ್ಟವಾಗಿದೆ ಎಂಬ ಆರೋಪದಡಿ 2025ರ ಮೇ ತಿಂಗಳಲ್ಲಿ ಮುಂಬೈ ಪೊಲೀಸರ ಆರ್ಥಿಕ ಅಪರಾಧ ವಿಭಾಗ 13 ಮಂದಿಯ ವಿರುದ್ಧ ಎಫ್‌ಐಆರ್ ದಾಖಲಿಸಿತು. ಆರೋಪ ಸಾಬೀತಾಗಬೇಕಿದೆ. ಆದರೆ ಒಂದು ಮಾತು ಈಗಲೇ ಹೇಳಬಹುದು: ಪ್ರತಿ ಕಿಲೋ ಹೂಳನ್ನು ಪ್ರಾಮಾಣಿಕವಾಗಿ ತೆಗೆದಿದ್ದರೂ ಉಬ್ಬರದ ಹೊತ್ತಿನಲ್ಲಿ ಮಾಹಿಮ್‌ನ ಬಾಯಿ ತೆರೆಯುವುದಿಲ್ಲ. ಬಾಗಿಲು ಮುಚ್ಚಿದಾಗ ಅಂಗಳ ದೊಡ್ಡದಿದ್ದರಷ್ಟೇ ನೀರು ಕಾಯುತ್ತದೆ.

ಅಂಗಳ ಕಿರಿದಾಗಿದ್ದು ಹೇಗೆ?

ಆ ಅಂಗಳ ಹಿಂದೆ ಇತ್ತು. ಇಂದಿನ ಬಿಕೆಸಿಯ ಗಾಜಿನ ಕಟ್ಟಡಗಳು ನಿಂತಿರುವುದು ಒಂದು ಕಾಲದ ಜೌಗು ಮತ್ತು ಕಾಂಡ್ಲಾ ನೆಲದ ಮೇಲೆ. ಮೇಲ್ಭಾಗದಲ್ಲಿ ವಿಮಾನ ನಿಲ್ದಾಣಕ್ಕಾಗಿ ನದಿಯ ದಿಕ್ಕನ್ನೇ ಬದಲಿಸಲಾಗಿದ್ದು, ಅಲ್ಲಿ ಅದು ಬಹುತೇಕ ಲಂಬಕೋನದಲ್ಲಿ ತಿರುಗುತ್ತದೆ. ಈ ಎರಡರ ನಡುವೆ ಸಿಕ್ಕಿಕೊಂಡಿರುವುದು ಕುರ್ಲಾ.

ದಡದ ಗುಡಿಸಲುಗಳೂ ಗುಜರಿ ಅಂಗಡಿಗಳೂ ನದಿಯನ್ನು ಕಿರಿದುಗೊಳಿಸಿರುವುದು, ಕಸ ಸುರಿಯುವುದು ಸುಳ್ಳಲ್ಲ. ಆದರೆ ಕ್ರಾಂತಿ ನಗರದ ಮನೆಗೆ ಒತ್ತುವರಿ ಎಂಬ ಹೆಸರು, ನದಿಯ ಬಯಲಲ್ಲೇ ಎದ್ದ ವಾಣಿಜ್ಯ ಕೇಂದ್ರಕ್ಕೆ ಅಭಿವೃದ್ಧಿ ಎಂಬ ಹೆಸರು. ಎರಡಕ್ಕೂ ಸರ್ಕಾರಿ ಕಾಗದ ಬೇರೆ ಬೇರೆ ಇರಬಹುದು. ನೀರು ಕಾಗದ ಓದುವುದಿಲ್ಲ.

ಬೆಂಗಳೂರಿಗೂ ಇದು ಹೊಸತಲ್ಲ

ಬೆಂಗಳೂರಿನ ಓದುಗರಿಗೆ ಇದು ಅಪರಿಚಿತ ಕಥೆಯಲ್ಲ. ವೃಷಭಾವತಿಯನ್ನು ಮೋರಿ ಎಂದು ಕರೆದು ಮೂಗು ಮುಚ್ಚಿಕೊಂಡವರು ನಾವೇ. ಅದು ಅರ್ಕಾವತಿ ಸೇರಿ ಕಾವೇರಿಗೆ ಹೋಗುತ್ತದೆ. 2022ರ ಸೆಪ್ಟೆಂಬರ್‌ನಲ್ಲಿ ಹೊರವರ್ತುಲ ರಸ್ತೆಯ ಐಟಿ ಪಾರ್ಕ್‌ಗಳು ಜಲಾವೃತವಾದಾಗ ರಾಜಕಾಲುವೆ ಎಂಬ ಪದ ರಾಷ್ಟ್ರೀಯ ಸುದ್ದಿಯಾಯಿತು. ಕವಲನ್ನು ಮರೆತರೆ ನೆನಪಿಸುವುದು ಮಳೆಯೇ.

ಹಾಗಾದರೆ ದಾರಿ ಏನು? ನೀರನ್ನು ಬೇಗ ಹೊರಹಾಕುವುದರ ಜೊತೆಗೆ ಸ್ವಲ್ಪ ಹೊತ್ತು ಹಿಡಿದಿಡುವುದೂ ಮುಖ್ಯ. ಮುಂಬೈಗೆ ಇದು ಗೊತ್ತಿಲ್ಲದ ವಿದ್ಯೆಯಲ್ಲ. ಹಿಂದ್‌ಮಾತಾ ಪ್ರದೇಶದ ನೆರೆ ತಗ್ಗಿಸಲು ಪಾಲಿಕೆ ಮೈದಾನಗಳ ಕೆಳಗೆ ಭಾರಿ ತೊಟ್ಟಿಗಳನ್ನು ಕಟ್ಟಿದೆ. ಅಲ್ಲಿ ನೀರು ತಂಗಿದ್ದು, ಉಬ್ಬರ ಇಳಿದ ಮೇಲೆ ಹೊರಹೋಗುತ್ತದೆ. ಅದೇ ತರ್ಕವನ್ನು ವಾಕೋಲಾ ಮತ್ತು ಮಿಠಿಯ ಮೇಲ್ಭಾಗಕ್ಕೂ ಅನ್ವಯಿಸಬಹುದು. ವಿಮಾನ ನಿಲ್ದಾಣ, ವಿಶ್ವವಿದ್ಯಾಲಯದ ಕಲೀನಾ ಆವರಣ, ಬಿಕೆಸಿಯಂಥ ದೊಡ್ಡ ಜಾಗಗಳು ತಮ್ಮ ಮಳೆನೀರನ್ನು ಕೆಲವು ಗಂಟೆ ತಮ್ಮಲ್ಲೇ ಇಟ್ಟುಕೊಂಡರೆ, ಕೆಳಗಿನ ಒತ್ತಡ ಅಷ್ಟರಮಟ್ಟಿಗೆ ತಗ್ಗುತ್ತದೆ. ಉಳಿದಿರುವ ಕಾಂಡ್ಲಾವನ್ನು ಮುಟ್ಟದಿರುವುದಕ್ಕೆ ಟೆಂಡರ್ ಕೂಡ ಬೇಕಿಲ್ಲ.

ಸದ್ಯ ನೆರೆಯ ಹೊರೆಯನ್ನೆಲ್ಲ ಹೊರುತ್ತಿರುವುದು ಅತಿ ಕೆಳಗಿನ ದಡದಲ್ಲಿರುವ, ಅತಿ ಕಡಿಮೆ ಆದಾಯದ ಕುಟುಂಬಗಳು. ಮೇಲಿನವರು ತಮ್ಮ ಪಾಲಿನ ನೀರಿಗೆ ಹೊಣೆ ಹೊರುವವರೆಗೂ ಕುರ್ಲಾದ ಜನ ಮಳೆಗಾಲದಲ್ಲಿ ಉಬ್ಬರದ ವೇಳಾಪಟ್ಟಿ ನೋಡಿಕೊಂಡೇ ಮಲಗಬೇಕು.