ಹಾರಿಸುವವರ ಕಣ್ಣು ಎಲ್ಲಿರಬೇಕು?

"ಡ್ರೋನ್ ಹಾರಿಸುವುದನ್ನು ಕಲಿಯಬೇಕೆಂದಿದ್ದೇನೆ ಸಾರ್, ಮೊದಲ ದಿನದಿಂದಲೇ ಗಾಗಲ್ಸ್ ಕಟ್ಟಿಕೊಳ್ಳಬಹುದೆ?" ಎಂದು ಕೇಳುವ ವಿದ್ಯಾರ್ಥಿಗಳು ಈಗ ತರಗತಿಗೊಬ್ಬಿಬ್ಬರು ಇರುತ್ತಾರೆ. ಪ್ರಶ್ನೆ ಸಣ್ಣದೆಂದು ತೋರಬಹುದು. ಆದರೆ ಇದರ ಉತ್ತರವು ಚಲನೆಯನ್ನು ಕುರಿತ ನಮ್ಮ ತಿಳಿವಳಿಕೆಯ ಬುಡಕ್ಕೇ ಸಂಬಂಧಿಸಿದುದು. ಮೇಲಾಗಿ, ಕಲಿಯುವವರ ತಪ್ಪಿಗೆ ದಂಡ ತೆರಬೇಕಾದವರು ಕೆಳಗೆ ನಡೆದುಹೋಗುವ ದಾರಿಹೋಕರೂ ಆಗಬಹುದು. ಆದುದರಿಂದ ಇದನ್ನು ತುಸು ವಿಚಾರಮಾಡುವುದು ಒಳ್ಳೆಯದು.

ಇಲ್ಲಿ ಗಾಗಲ್ಸ್ ಎಂದರೆ ಬಿಸಿಲಿಗೆ ಧರಿಸುವ ಕಪ್ಪು ಕನ್ನಡಕವಲ್ಲ. ಡ್ರೋನಿನ ಮುಂಭಾಗದ ಕ್ಯಾಮರಾ ಕಂಡ ದೃಶ್ಯವನ್ನು ರೇಡಿಯೊ ಅಲೆಗಳ ಮೂಲಕ ಪಡೆದು, ಪುಟ್ಟ ಪರದೆಗಳ ಮೇಲೆ ಕಣ್ಣೆದುರಿಗೇ ಮೂಡಿಸುವ ಉಪಕರಣವದು. ಅದನ್ನು ಧರಿಸಿದವರಿಗೆ, ತಾವು ನೆಲದ ಮೇಲೆ ಕುರ್ಚಿಯಲ್ಲಿ ಕುಳಿತಿದ್ದರೂ, ಯಂತ್ರದೊಳಗೇ ಕುಳಿತು ಹಾರುತ್ತಿರುವಂತೆ ಭಾಸವಾಗುತ್ತದೆ. ಇದರ ಅನುಕೂಲ ಅಲ್ಪವಾದುದಲ್ಲ. ಬರಿಗಣ್ಣಿನಿಂದ ನೋಡಿ ಹಾರಿಸುವಾಗ, ಡ್ರೋನು ನಮ್ಮಿಂದ ದೂರ ಸಾಗುತ್ತಿರುವವರೆಗೆ ಅದರ ಬಲವೇ ನಮ್ಮ ಬಲ. ಅದು ನಮ್ಮತ್ತ ಮುಖ ತಿರುಗಿಸಿದೊಡನೆ ಅದರ ಬಲವು ನಮ್ಮ ಎಡವಾಗುತ್ತದೆ. ಹೊಸಬರ ಕೈ ತಪ್ಪುವುದು ಹೆಚ್ಚಾಗಿ ಇಲ್ಲಿಯೇ. ಅಲ್ಲದೆ, 25 ಸೆಂಟಿಮೀಟರ್ ಅಗಲದ ಡ್ರೋನು 100 ಮೀಟರ್ ದೂರದಲ್ಲಿ ಚಂದ್ರಬಿಂಬದ ಅಗಲದ ಕಾಲು ಭಾಗಕ್ಕಿಂತ ತುಸುವೇ ದೊಡ್ಡದಾಗಿ ಕಾಣುತ್ತದೆ. ಅದರ ಮೂಗು ಯಾವ ಕಡೆಗಿದೆಯೆಂದು ಹೇಳುವುದೇ ಕಷ್ಟ. ಗಾಗಲ್ಸ್ ಈ ಎರಡು ತೊಡಕುಗಳನ್ನೂ ಒಮ್ಮೆಗೇ ಕಳೆಯುತ್ತದೆ. ಆದಕಾರಣ ಕಲಿಕೆ ಅದರಿಂದಲೇ ಮೊದಲಾಗಲಿ ಎಂಬ ವಾದದಲ್ಲಿ ಸತ್ಯಾಂಶವುಂಟು.

ಆದರೂ ನನ್ನ ಅಭಿಪ್ರಾಯ ಬೇರೆ. ಗಾಗಲ್ಸ್ ಕಲಿಕೆಯನ್ನು ಸುಲಭಗೊಳಿಸುವುದು ತೊಡಕನ್ನು ಬಿಡಿಸಿ ಅಲ್ಲ, ಮರೆಮಾಡಿ. ಒಂದು ಉದಾಹರಣೆಯನ್ನು ನೋಡೋಣ. ಡ್ರೋನು ಮುಂದೆ ಸಾಗಬೇಕಾದರೆ ಮುಂದಕ್ಕೆ ಬಾಗಲೇಬೇಕು. ಅದು 30 ಡಿಗ್ರಿ ಬಾಗಿದಾಗ ಪ್ರೊಪೆಲ್ಲರುಗಳ ನೂಕುಬಲದಲ್ಲಿ ಒಂದಂಶ ಮುನ್ನಡೆಗೆ ವ್ಯಯವಾಗುವುದರಿಂದ, ಎತ್ತರವನ್ನು ಉಳಿಸಿಕೊಳ್ಳಲು ನಿಂತಲ್ಲೇ ತೇಲುವಾಗ ಬೇಕಾದುದಕ್ಕಿಂತ ನೂರಕ್ಕೆ ಸುಮಾರು 15ರಷ್ಟು ಹೆಚ್ಚು ಬಲ ಬೇಕಾಗುತ್ತದೆ. ವೇಗದ ಡ್ರೋನುಗಳಲ್ಲಿ ಈ ಬಾಗುವಿಕೆಗೆ ಸರಿಹೊಂದುವಂತೆ ಕ್ಯಾಮರಾವನ್ನು ಮೊದಲೇ ಮೇಲ್ಮುಖವಾಗಿ ಓರೆಮಾಡಿ ಕೂಡಿಸಿರುತ್ತಾರೆ. ಫಲವೇನೆಂದರೆ, ಯಂತ್ರ ಬಾಗಿದ್ದರೂ ಪರದೆಯಲ್ಲಿ ದಿಗಂತ ನೇರವಾಗಿಯೇ ಕಾಣುತ್ತದೆ. ಕೆಳಗಿನ ನೆಲ ಮಾತ್ರ ಕಾಣುವುದಿಲ್ಲ. ಯಂತ್ರ ಮೆಲ್ಲಗೆ ಇಳಿಯುತ್ತಿರುವುದು ಹೊಸಬರಿಗೆ ತಿಳಿಯುವುದು ನೆಲ ತಾಕುವ ಹೊತ್ತಿಗೆ! ಹೊರಗೆ ನಿಂತು ನೋಡುವವರಿಗಾದರೋ ಬಾಗುವುದೂ ಇಳಿಯುವುದೂ ಸ್ಪಷ್ಟವಾಗಿ ಕಾಣುತ್ತವೆ.

ಭೌತವಿಜ್ಞಾನದಲ್ಲಿ ಯಾವ ಚಲನೆಯನ್ನೇ ಆಗಲಿ ಒಂದು ಆಧಾರ ಚೌಕಟ್ಟಿನಿಂದ ನೋಡಿ ವಿವರಿಸುತ್ತೇವೆ. ದಡದಲ್ಲಿ ನಿಂತವರು ದೋಣಿಯನ್ನು ಕಾಣುವ ಬಗೆ ಒಂದು, ದೋಣಿಯಲ್ಲಿರುವವರು ದಡವನ್ನು ಕಾಣುವ ಬಗೆ ಇನ್ನೊಂದು. ಬರಿಗಣ್ಣಿನ ಹಾರಾಟ ನೆಲದ ಚೌಕಟ್ಟು. ಗಾಗಲ್ಸಿನ ಹಾರಾಟ ಯಂತ್ರದ ಚೌಕಟ್ಟು. ಎರಡೂ ಸರಿಯೇ. ಆದರೆ ಒಂದರಿಂದ ಇನ್ನೊಂದಕ್ಕೆ ದಾಟಬಲ್ಲವರು ಮಾತ್ರ ಆ ಚಲನೆಯನ್ನು ನಿಜವಾಗಿ ಅರಿತವರು. ಗಾಗಲ್ಸಿನ ಚಿತ್ರ ಬರುವುದು ಸಾಮಾನ್ಯವಾಗಿ 5.8 ಗಿಗಾಹರ್ಟ್ಸ್ ಅಲೆಗಳ ಮೇಲೆ. ಇವುಗಳ ಅಲೆಯುದ್ದ ಸುಮಾರು 5 ಸೆಂಟಿಮೀಟರ್. ಒಂದು ದಟ್ಟ ಮರವೋ ನೀರಿನ ಟ್ಯಾಂಕೋ ನಡುವೆ ಬಂದರೆ ಚಿತ್ರ ಕೆಡುತ್ತದೆ. ಆಗ ಗಾಗಲ್ಸ್ ತೆಗೆದು ಆಕಾಶವನ್ನು ನೋಡಿದ ಹೊಸಬರಿಗೆ ಎದುರಾಗುವುದು, ತಾವು ಇದುವರೆಗೆ ತಪ್ಪಿಸಿಕೊಂಡಿದ್ದ ಅದೇ ಎಡಬಲದ ತೊಡಕು. ಅದೂ ಕ್ಷಣಗಳೊಳಗೆ ಬಿಡಿಸಬೇಕಾದ ತೊಡಕು.

ವಿಮಾನಯಾನದ ಚರಿತ್ರೆಯಲ್ಲಿ ಇದಕ್ಕೆ ಹೋಲುವ ಒಂದು ಪ್ರಸಂಗವುಂಟು. 1929ರ ಸೆಪ್ಟೆಂಬರ್ 24ರಂದು ಅಮೆರಿಕದ ಮಿಚೆಲ್ ಫೀಲ್ಡಿನಲ್ಲಿ ಜೇಮ್ಸ್ ಡೂಲಿಟ್ಲ್ ಎಂಬ ವೈಮಾನಿಕ, ಹೊರಗಿನದೇನೂ ಕಾಣದಂತೆ ತನ್ನ ಆಸನವನ್ನು ಮುಚ್ಚಿಸಿಕೊಂಡು, ಕೇವಲ ಉಪಕರಣಗಳ ಮುಳ್ಳುಗಳನ್ನು ನೋಡಿ ವಿಮಾನವನ್ನು ಏರಿಸಿ, ಸುತ್ತಿಸಿ, ಇಳಿಸಿದ. ಇಂದಿಗೂ ಮೆಚ್ಚತಕ್ಕ ಸಾಧನೆ ಇದು. ಆದರೆ ಎರಡು ಸಂಗತಿಗಳನ್ನು ಮರೆಯಬಾರದು. ಆತ ಅದಕ್ಕೆ ಮೊದಲೇ ಕಣ್ಣಾರೆ ನೋಡಿ ಹಾರುವುದರಲ್ಲಿ ನುರಿತಿದ್ದ. ಮುಂದಿನ ಆಸನದಲ್ಲಿ ಬೆನ್ ಕೆಲ್ಸಿ ಎಂಬ ಇನ್ನೊಬ್ಬ ವೈಮಾನಿಕ, ಅಗತ್ಯ ಬಿದ್ದರೆ ಹಿಡಿತ ತೆಗೆದುಕೊಳ್ಳಲು ಸಿದ್ಧನಾಗಿ, ಹೊರಗೆ ನೋಡುತ್ತ ಕುಳಿತಿದ್ದ. ಗಾಗಲ್ಸ್ ಧರಿಸುವವರಿಗೆ ಬೇಕಾದುದೂ ಇವೆರಡೇ: ಮೊದಲು ಪಡೆದ ಪರಿಚಯ, ಪಕ್ಕದಲ್ಲಿ ತೆರೆದ ಕಣ್ಣು. ಅಮೆರಿಕದಲ್ಲಿ ಹವ್ಯಾಸಿಗಳು ಗಾಗಲ್ಸ್ ಧರಿಸಿ ಹಾರಿಸುವುದಾದರೆ, ಡ್ರೋನನ್ನು ಕಣ್ಣಿನಿಂದ ನೋಡುತ್ತಿರುವ ಸಂಗಾತಿಯೊಬ್ಬರು ಪಕ್ಕದಲ್ಲಿರಬೇಕೆಂದು ಕಾನೂನೇ ವಿಧಿಸುತ್ತದೆ.

ಇಷ್ಟು ಎಚ್ಚರ ಏತಕ್ಕೆಂದು ಕೇಳಬಹುದು. ಲೆಕ್ಕಮಾಡಿ ನೋಡಿ. 600 ಗ್ರಾಂ ತೂಕದ ಡ್ರೋನು ಸೆಕೆಂಡಿಗೆ 20 ಮೀಟರ್ ವೇಗದಲ್ಲಿ ಸಾಗುವಾಗ ಅದರ ಚಲನಶಕ್ತಿ 120 ಜೂಲ್. ಗಂಟೆಗೆ 140 ಕಿಲೋಮೀಟರ್ ವೇಗದಲ್ಲಿ ಬರುವ ಕ್ರಿಕೆಟ್ ಚೆಂಡಿನ ಶಕ್ತಿಯೂ ಹೆಚ್ಚುಕಡಿಮೆ ಅಷ್ಟೇ. ಆ ಚೆಂಡನ್ನು ಎದುರಿಸುವವರಿಗೆ ಹೆಲ್ಮೆಟ್ ಉಂಟು, ಪ್ಯಾಡ್ ಉಂಟು. ಮೈದಾನದ ಅಂಚಿನಲ್ಲಿ ಆಡುವ ಮಗುವಿಗೆ ಏನುಂಟು?

ಹಾಗಾದರೆ ಕಲಿಯುವ ಕ್ರಮ ಯಾವುದು? ಮೊದಲು ಕಂಪ್ಯೂಟರಿನ ಸಿಮ್ಯುಲೇಟರಿನಲ್ಲಿ ಕೆಲವು ವಾರ. ಅಲ್ಲಿ ಎಷ್ಟು ಬಾರಿ ಬಿದ್ದರೂ ಯಾರಿಗೂ ನೋವಿಲ್ಲ. ಅನಂತರ ಜನರಿಲ್ಲದ ಬಯಲಿನಲ್ಲಿ, 250 ಗ್ರಾಂ ಮೀರದ ಡ್ರೋನಿನಿಂದ, ಬರಿಗಣ್ಣಿನ ಅಭ್ಯಾಸ. ಅದರ ಮೂಗನ್ನು ನಿಮ್ಮತ್ತ ತಿರುಗಿಸಿ ನಿಲ್ಲಿಸಲು ಬರಬೇಕು, ಎಂಟರ ಅಂಕಿಯನ್ನು ಗಾಳಿಯಲ್ಲಿ ಬರೆಯಲು ಬರಬೇಕು. ಇವು ಕೈಗೂಡಿದ ಮೇಲೆ, ಸಂಗಾತಿಯೊಡನೆ, ಗಾಗಲ್ಸ್. ಮನೆಯೊಳಗೆ ಹಾರುವ, ರೆಕ್ಕೆಗಳಿಗೆ ಸುತ್ತುಕಟ್ಟಿರುವ 30 ಗ್ರಾಂನ ಪುಟ್ಟ ಡ್ರೋನುಗಳ ವಿಷಯದಲ್ಲಿ ಈ ಕ್ರಮವನ್ನು ಸಡಿಲಿಸಿದರೆ ನನ್ನ ಆಕ್ಷೇಪವಿಲ್ಲ. ಅವುಗಳ ಪೆಟ್ಟು ತೀರ ಹಗುರವಾದುದು. ನಮ್ಮ ದೇಶದ 2021ರ ಡ್ರೋನ್ ನಿಯಮಗಳು 250 ಗ್ರಾಂವರೆಗಿನ ಡ್ರೋನುಗಳನ್ನು ಹಾರಿಸಲು ಪೈಲಟ್ ಪ್ರಮಾಣಪತ್ರವನ್ನು ಕೇಳುವುದಿಲ್ಲ. ಪ್ರಮಾಣಪತ್ರ ಬೇಡವೆಂದ ಮಾತ್ರಕ್ಕೆ ಜವಾಬ್ದಾರಿಯೂ ಬೇಡವೆಂದು ಅರ್ಥವಲ್ಲ.

ಹಕ್ಕಿಯ ಕಣ್ಣಿನಿಂದ ಊರನ್ನು ನೋಡುವ ಆಸೆ ಸಹಜವಾದುದು. ಅದನ್ನು ಅಡಗಿಸಿಕೊಳ್ಳಿರೆಂದು ನಾನು ಹೇಳುತ್ತಿಲ್ಲ. ಯಂತ್ರ ಮೇಲಿದ್ದರೂ ಅದನ್ನು ಹಾರಿಸುವವರೂ, ಅದು ಬಿದ್ದರೆ ಪೆಟ್ಟು ತಿನ್ನುವವರೂ ನೆಲದ ಮೇಲೆಯೇ ಇರುತ್ತಾರೆ. ಆದುದರಿಂದ ಕಲಿಕೆಯೂ ನೆಲದಿಂದಲೇ ಮೊದಲಾಗಲಿ.