ಡಯಾಲಿಸಿಸ್ ಉಚಿತ, ದಾರಿ ಖರ್ಚು ನಿಮ್ಮದು

108 ಆಂಬುಲೆನ್ಸ್ ಸೇವೆಯನ್ನು ಖಾಸಗಿ ಏಜೆನ್ಸಿ ನಡೆಸಬೇಕೋ, ಸರ್ಕಾರವೇ ನಡೆಸಬೇಕೋ ಎಂಬ ಜಗಳ ನಮ್ಮಲ್ಲಿ ಹಳೆಯದು. 2008ರ ನವೆಂಬರ್ 1ರಂದು ‘ಆರೋಗ್ಯ ಕವಚ’ ಎಂಬ ಹೆಸರಿನಲ್ಲಿ ಈ ಸೇವೆ ಶುರುವಾದ ಮೇಲೆ ಸಂಬಳ ಬಾಕಿಗಾಗಿ ಚಾಲಕರೂ ನರ್ಸ್‌ಗಳೂ ಮುಷ್ಕರದ ಮಾತೆತ್ತಿದ್ದು ಒಂದೆರಡು ಸಲವಲ್ಲ. 2022ರ ಸೆಪ್ಟೆಂಬರ್‌ನಲ್ಲಿ ಸಹಾಯವಾಣಿಯ ಸರ್ವರ್ ಕೈಕೊಟ್ಟು ಜನ ಪರದಾಡಿದ್ದೂ ಆಯಿತು. ಏಜೆನ್ಸಿಯನ್ನು ಕೈಬಿಟ್ಟು ಇಲಾಖೆಯೇ ಸೇವೆ ನಡೆಸುವ ತೀರ್ಮಾನವನ್ನು ಸರ್ಕಾರ 2025ರಲ್ಲಿ ಪ್ರಕಟಿಸಿತು. ಆಗಲಿ. ಆದರೆ ಜಗಳವಾಡುವ ಎರಡೂ ಕಡೆಯವರು ಒಂದು ಮಾತನ್ನು ಮಾತ್ರ ಮೊದಲೇ ಒಪ್ಪಿಕೊಂಡು ಕೂತಿದ್ದಾರೆ: ರೋಗಿಯ ಪ್ರಯಾಣ ಎಂದರೆ ಆಂಬುಲೆನ್ಸ್, ಅಷ್ಟೇ. ನನ್ನ ತಕರಾರು ಅಲ್ಲಿಯೇ.

ಆಸ್ಪತ್ರೆಗೆ ಹೋಗುವವರಲ್ಲಿ ಸೈರನ್ ಹಾಕಿಕೊಂಡು ಹೋಗುವವರು ಎಷ್ಟು ಮಂದಿ? ಕಿಮೋಥೆರಪಿಗೆ ಹೋಗುವವರು, ಪಾರ್ಶ್ವವಾಯು ಹೊಡೆದು ಫಿಸಿಯೋಥೆರಪಿಗೆ ಹೋಗುವವರು, ಕಾಲಿಗೆ ರಾಡ್ ಹಾಕಿಸಿಕೊಂಡು ಡ್ರೆಸಿಂಗ್‌ಗೆ ಹೋಗುವವರು, ಟಿ.ಬಿ. ತಪಾಸಣೆಗೆ ಹೋಗುವವರು ಯಾರೂ 108ಕ್ಕೆ ಫೋನ್ ಮಾಡುವಂತಿಲ್ಲ. ಮಾಡಲೂಬಾರದು, ಆ ಗಾಡಿ ಅಪಘಾತಕ್ಕೂ ಹೃದಯಾಘಾತಕ್ಕೂ ಹೆರಿಗೆ ನೋವಿಗೂ ಬೇಕು. ಹಾಗಾದರೆ ಇವರೆಲ್ಲ ಹೇಗೆ ಹೋಗಬೇಕು ಎಂದು ಕೇಳಿದರೆ ಯಾವ ಇಲಾಖೆಯ ಬಳಿಯೂ ಉತ್ತರವಿಲ್ಲ.

ಡಯಾಲಿಸಿಸ್ ಮಾಡಿಸಿಕೊಳ್ಳುವವರನ್ನೇ ನೋಡಿ. 2016ರಲ್ಲಿ ರಾಷ್ಟ್ರೀಯ ಡಯಾಲಿಸಿಸ್ ಕಾರ್ಯಕ್ರಮ ಬಂದ ಮೇಲೆ ಬಡವರಿಗೆ ಈ ಚಿಕಿತ್ಸೆ ಉಚಿತವಾಯಿತು, ತಾಲ್ಲೂಕು ಆಸ್ಪತ್ರೆಗಳಿಗೂ ಯಂತ್ರಗಳು ಬಂದವು. ಸಾವಿರಾರು ಜೀವ ಉಳಿಸಿದ ಕೆಲಸವದು, ಅದರಲ್ಲಿ ಅನುಮಾನವಿಲ್ಲ. ಆದರೆ ವಾರಕ್ಕೆ ಎರಡು ಸಲ, ಕೆಲವರಿಗೆ ಮೂರು ಸಲ, ಯಂತ್ರದ ಮುಂದೆ ತಲಾ ನಾಲ್ಕು ಗಂಟೆ ಮಲಗಬೇಕು. ಬೆಳಗಿನ ಪಾಳಿಯವರು ಮೊದಲ ಬಸ್ಸಿಗಿಂತ ಮುಂಚೆ ಊರು ಬಿಡಬೇಕು. ಮುಗಿದ ಮೇಲೆ ಬಿ.ಪಿ. ಇಳಿದು ತಲೆ ಸುತ್ತುತ್ತಿರುತ್ತದೆ, ಕೈಯಲ್ಲಿ ಸೂಜಿ ಚುಚ್ಚಿದ ಜಾಗಕ್ಕೆ ಬ್ಯಾಂಡೇಜು. ಅಂಥವರು ಬಸ್ ನಿಲ್ದಾಣದಲ್ಲಿ ಗಂಟೆಗಟ್ಟಲೆ ಕೂತು, ಕಂಬಿ ಹಿಡಿದು ನಿಂತು, ಕ್ರಾಸಿನಲ್ಲಿಳಿದು ಮೂರು ಕಿಲೋಮೀಟರ್ ನಡೆಯುತ್ತಾರೆಯೇ? ಊರಿನ ಆಟೋದವನನ್ನೇ ಕರೆದುಕೊಂಡು ಹೋಗುತ್ತಾರೆ. ಕಾಯುವ ಬಾಡಿಗೆಯೂ ಸೇರಿ ಒಂದು ಸಲಕ್ಕೆ ಸಾವಿರ ರೂಪಾಯಿ ಎಂದೇ ಹಿಡಿಯೋಣ. ವಾರಕ್ಕೆ ಎರಡರಂತೆ ತಿಂಗಳಿಗೆ ಎಂಟು ಸಾವಿರ. ಗೃಹಲಕ್ಷ್ಮಿ ಯೋಜನೆಯ ಎರಡು ಸಾವಿರ ಮೊದಲ ವಾರಕ್ಕೇ ಖಾಲಿ. ದುಡ್ಡು ಮುಗಿದ ವಾರ ಮನೆಯವರು ಒಂದು ಸಲದ ಡಯಾಲಿಸಿಸ್ ಬಿಡಿಸುತ್ತಾರೆ. ಮೈಯಲ್ಲಿ ನೀರು ತುಂಬಿ ಉಸಿರು ಕಟ್ಟಿದಾಗ 108 ಓಡಿಬರುತ್ತದೆ, ಆಗ ಮಾತ್ರ ಪುಕ್ಕಟೆ.

‘ಶಕ್ತಿ ಇದೆಯಲ್ಲ’ ಎನ್ನುವವರಿದ್ದಾರೆ. 2023ರ ಜೂನ್‌ನಿಂದ ಹೆಂಗಸರಿಗೆ ಬಸ್ ಉಚಿತ, ಒಳ್ಳೆಯ ಯೋಜನೆ. ಬಸ್ಸೇ ಹೋಗದ ಊರಿನಲ್ಲಿ ಅದರಿಂದ ಏನುಪಯೋಗ? ರೈಲ್ವೆ ಇಲಾಖೆ ಕ್ಯಾನ್ಸರ್ ಮತ್ತು ಡಯಾಲಿಸಿಸ್ ರೋಗಿಗಳಿಗೆ ಟಿಕೆಟ್ ರಿಯಾಯಿತಿ ಕೊಡುತ್ತದೆ. ಶೃಂಗೇರಿಗೂ ಹನೂರಿಗೂ ರೈಲು ಹಳಿಯಿಲ್ಲ.

ರೋಗಿಯನ್ನು ಕರೆತಂದು ವಾಪಸು ಮನೆ ಮುಟ್ಟಿಸುವುದು ಚಿಕಿತ್ಸೆಯ ಭಾಗ ಎಂಬ ತತ್ವವನ್ನು ಸರ್ಕಾರ ಎಂದೋ ಒಪ್ಪಿದೆ. 2011ರ ಜನನಿ ಶಿಶು ಸುರಕ್ಷಾ ಕಾರ್ಯಕ್ರಮ ಬಾಣಂತಿಯನ್ನು ಮಗುವಿನ ಜೊತೆ ಮನೆಗೆ ಬಿಟ್ಟು ಬರುವುದನ್ನು ಹಕ್ಕು ಎಂದಿತು. ನಮ್ಮ ‘ನಗು–ಮಗು’ ವಾಹನಗಳು ಬಂದದ್ದು ಹಾಗೆ. ಗುಡ್ಡಗಾಡಿನ ಬುಡಕಟ್ಟು ಪ್ರದೇಶದ ಟಿ.ಬಿ. ರೋಗಿಗಳಿಗೆ ಓಡಾಟದ ಖರ್ಚೆಂದು ಒಂದೇ ಒಂದು ಸಲ 750 ರೂಪಾಯಿ ಕೊಡುವ ನಿಯಮವೂ ಇದೆ. ಬಾಣಂತಿಗೆ ಸಲ್ಲುವುದು ಕಿಡ್ನಿ ಹೋದ ಅವಳ ಅಪ್ಪನಿಗೆ ಯಾಕೆ ಸಲ್ಲುವುದಿಲ್ಲ?

ವಾಹನಗಳಿಗೇನೂ ಬರವಿಲ್ಲ. ಆರೋಗ್ಯ ಇಲಾಖೆ ಹೊಸ ಗಾಡಿ ಕೊಂಡು, ಹಸಿರು ಬಾವುಟ ತೋರಿಸಿ, ಎರಡು ವರ್ಷದ ಮೇಲೆ ಟೈರಿಲ್ಲದೆ ಆಸ್ಪತ್ರೆಯ ಹಿಂದೆ ನಿಲ್ಲಿಸಲಿ ಎಂದು ನಾನು ಕೇಳುತ್ತಿಲ್ಲ. ಮಲೆನಾಡಿನ ಬಾಡಿಗೆ ಜೀಪು, ಬಯಲುಸೀಮೆಯ ಆಟೋ, ಟಂಟಂ, ಓಮ್ನಿ ಈಗಾಗಲೇ ಈ ಕೆಲಸ ಮಾಡುತ್ತಿವೆ. ಆ ಚಾಲಕನಿಗೆ ರೋಗಿಯ ಮನೆ ಗೊತ್ತು, ಹೊಳೆ ಎಲ್ಲಿ ಏರುತ್ತದೆಂದು ಗೊತ್ತು. ಅಜ್ಜನನ್ನು ಎತ್ತಿ ಕೂರಿಸುತ್ತಾನೆ, ಔಷಧಿ ಚೀಟಿ ಹಿಡಿದು ಸಾಲಿನಲ್ಲಿ ನಿಲ್ಲುತ್ತಾನೆ, ನಾಲ್ಕು ಗಂಟೆ ಕಾಯುತ್ತಾನೆ. ನನ್ನನ್ನು ಕೇಳಿದರೆ ಈ ಕಾಯುವುದೇ ಎಲ್ಲಕ್ಕಿಂತ ದೊಡ್ಡ ಸೇವೆ. ಆ್ಯಪ್ ಟ್ಯಾಕ್ಸಿ ಹೀಗೆ ಕಾಯುವುದು ಅಪರೂಪ.

ಇಂಥವನನ್ನು ನಮ್ಮ ಕಾನೂನು ಹೇಗೆ ನೋಡುತ್ತದೆ? ಬಿಳಿ ಬೋರ್ಡ್ ಜೀಪಿನಲ್ಲಿ ಬಾಡಿಗೆಗೆ ಜನ ಹತ್ತಿಸಿದರೆ ಮೋಟಾರು ವಾಹನ ಕಾಯ್ದೆಯ 192ಎ ಕಲಮಿನಡಿ ಹತ್ತು ಸಾವಿರ ರೂಪಾಯಿ ದಂಡ, ಜೊತೆಗೆ ಜೈಲು. ಅದೇ ಕಲಮಿನಲ್ಲಿ ಒಂದು ವಿನಾಯಿತಿಯೂ ಉಂಟು: ತುರ್ತು ಸಮಯದಲ್ಲಿ ರೋಗಿಯನ್ನೋ ಗಾಯಾಳುವನ್ನೋ ಸಾಗಿಸಿದರೆ, ಏಳು ದಿನದೊಳಗೆ ಸಾರಿಗೆ ಪ್ರಾಧಿಕಾರಕ್ಕೆ ತಿಳಿಸಿದರೆ, ಶಿಕ್ಷೆಯಿಲ್ಲ. ಅಂದರೆ ಸಾಯುವ ಸ್ಥಿತಿಯಲ್ಲಿದ್ದವನನ್ನು ಕರೆದೊಯ್ದರೆ ಜೀಪಿನವನು ಪುಣ್ಯವಂತ, ಸಾಯದಂತೆ ನೋಡಿಕೊಳ್ಳಲು ಪ್ರತಿ ಮಂಗಳವಾರ ಕರೆದೊಯ್ದರೆ ಅಪರಾಧಿ. ದಾರಿಯಲ್ಲಿ ಜೀಪು ಉರುಳಿದರೆ ಖಾಸಗಿ ವಾಹನದ ವಿಮೆ ಬಾಡಿಗೆ ಓಡಾಟಕ್ಕೆ ಅನ್ವಯಿಸುವುದಿಲ್ಲ, ಆ ನಷ್ಟವೂ ಅವನ ತಲೆಗೆ.

ಬ್ರಿಟನ್ನಿನಲ್ಲಿ 1985ರ ಸಾರಿಗೆ ಕಾಯ್ದೆ ಲಾಭಕ್ಕಲ್ಲದೆ ವಾಹನ ಓಡಿಸುವ ಸಂಘಗಳಿಗೆ ಬೇರೆಯದೇ ಸರಳ ಪರ್ಮಿಟ್ ಕೊಟ್ಟಿತು. ವಯಸ್ಸಾದವರನ್ನು, ಅಂಗವಿಕಲರನ್ನು ಆಸ್ಪತ್ರೆಗೆ ಕರೆದೊಯ್ಯುವ ಮಿನಿಬಸ್ಸುಗಳು ಅದರ ಬಲದಿಂದ ನಡೆಯುತ್ತಿವೆ. ‘ಇವರು ನಮ್ಮ ಹೊಟ್ಟೆಗೆ ಹೊಡೆಯುತ್ತಾರೆ’ ಎಂದು ಅಲ್ಲಿಯೂ ಬಸ್ ಮಾಲೀಕರು ಕೋರ್ಟಿಗೆ ಹೋದರು. ಇಲ್ಲಿ ಟ್ಯಾಕ್ಸಿಯವರ ಸಂಘಗಳೂ ಅದನ್ನೇ ಹೇಳಬಹುದು. ಅವರ ಮಾತಿನಲ್ಲಿ ಅರ್ಥವಿದೆ: ಹಳದಿ ಬೋರ್ಡಿಗೆ ತೆರಿಗೆ ಕಟ್ಟಿದವನಿಗೆ ಮೊದಲ ಹಕ್ಕು ಸಿಗಲಿ. ಅಂಥ ಗಾಡಿ ಇಲ್ಲದ ಊರಿನಲ್ಲಿ ಮಾತ್ರ ಬಿಳಿ ಬೋರ್ಡಿಗೆ ಆಸ್ಪತ್ರೆಯ ಚೀಟಿಯೇ ಪರ್ಮಿಟ್ ಆಗಲಿ.

ಮಲೆ ಮಹದೇಶ್ವರ ಬೆಟ್ಟದ ಕಾಡಿನ ಊರುಗಳಲ್ಲಿ ಇದರ ಒಂದು ರೂಪವನ್ನು ಅರಣ್ಯ ಇಲಾಖೆ ಮಾಡಿ ತೋರಿಸಿತು. ‘ಜನ–ವನ ಸಾರಿಗೆ’ ಎಂದು ಜೀಪುಗಳನ್ನು ಬಿಟ್ಟು, ಶಾಲೆಯ ಮಕ್ಕಳಿಗೂ ರೋಗಿಗಳಿಗೂ ದಾರಿ ಮಾಡಿತು. ಆದರೂ 2022ರಲ್ಲಿ ದೊಡ್ಡಾಣೆಯ ಗರ್ಭಿಣಿಯೊಬ್ಬರನ್ನು ಡೋಲಿಯಲ್ಲಿ ಕಟ್ಟಿ ಸುಳ್ವಾಡಿಯ ಆಸ್ಪತ್ರೆಗೆ ಕಾಲ್ನಡಿಗೆಯಲ್ಲಿ ಹೊತ್ತು ತರಬೇಕಾಯಿತು. ಸೌಕರ್ಯವಿಲ್ಲವೆಂದು ಮತದಾನ ಬಹಿಷ್ಕರಿಸಿದ್ದ ಇಂಡಿಗನತ್ತದಲ್ಲಿ 2024ರ ಏಪ್ರಿಲ್‌ನಲ್ಲಿ ಮತಗಟ್ಟೆಯೇ ಧ್ವಂಸವಾಯಿತು, ಮರುಮತದಾನ ನಡೆಸಬೇಕಾಯಿತು. ಧ್ವಂಸವನ್ನು ಸಮರ್ಥಿಸುತ್ತಿಲ್ಲ. ಜೀಪು ಕೊಡಬೇಕೆಂದು ಮೊದಲು ಹೊಳೆದದ್ದು ಹುಲಿ ಕಾಯುವ ಇಲಾಖೆಗೆ, ರೋಗಿ ಕಾಯುವ ಇಲಾಖೆಗಲ್ಲ ಎಂಬುದನ್ನಷ್ಟೇ ಎತ್ತಿ ಹೇಳುತ್ತಿದ್ದೇನೆ.

ಇನ್ನೊಂದು ವಾದ ನನ್ನದೇ ಬಳಗದಿಂದ ಬರುತ್ತದೆ: ‘ವಾಹನ ಯಾಕೆ ಕೇಳುತ್ತೀರಿ, ಆಸ್ಪತ್ರೆ ಕೇಳಿ.’ 2022ರ ಜುಲೈ 20ರಂದು ಹೊನ್ನಾವರದಿಂದ ರೋಗಿಯನ್ನು ಕರೆತರುತ್ತಿದ್ದ ಆಂಬುಲೆನ್ಸ್ ಶಿರೂರು ಟೋಲ್‌ಗೇಟಿನಲ್ಲಿ ಪಲ್ಟಿಯಾಗಿ ನಾಲ್ವರು ಸತ್ತಾಗ ಇಡೀ ಉತ್ತರ ಕನ್ನಡ ಸೂಪರ್ ಸ್ಪೆಷಾಲಿಟಿ ಆಸ್ಪತ್ರೆಗಾಗಿ ಕೂಗೆದ್ದಿತು. ನ್ಯಾಯವಾದ ಕೂಗು. ಆಸ್ಪತ್ರೆ ಕಟ್ಟುವುದಕ್ಕೆ ವರ್ಷಗಳು ಬೇಕು, ರೋಗಿ ಬರುವ ಮಂಗಳವಾರ ಹೋಗಬೇಕು. ಎರಡನ್ನೂ ಕೇಳೋಣ.

ಹಾಗೆಂದು ಇದನ್ನು ‘ಸಮುದಾಯದ ಸೇವೆ’ ಎಂದು ಹೊಗಳಿ ಚಾಲಕರ ಹೆಗಲಿಗೆ ಹೊರಿಸಿ ಕೈತೊಳೆದುಕೊಳ್ಳಲು ಸರ್ಕಾರಕ್ಕೆ ಬಿಡಬಾರದು. ಕೊಪ್ಪದ ‘ಸಹಕಾರ ಸಾರಿಗೆ’ಯನ್ನು ಮರೆತಿದ್ದೇವೆಯೇ? ಮಾಲೀಕರ ಕಂಪನಿ ಮುಚ್ಚಿದಾಗ 1991ರಲ್ಲಿ ಕಾರ್ಮಿಕರೇ ಸಹಕಾರ ಸಂಘ ಕಟ್ಟಿ ಮಲೆನಾಡಿನ ಮೂಲೆಮೂಲೆಗೆ ಬಸ್ ಓಡಿಸಿದರು. ಬಹಳ ಜನ ಮೆಚ್ಚಿದ ಸಂಸ್ಥೆಯದು. 2020ರ ಫೆಬ್ರುವರಿಯಲ್ಲಿ ನಷ್ಟ ತಡೆಯಲಾರದೆ ಬಸ್‌ಗಳು ನಿಂತವು. ಮೆಚ್ಚುಗೆಗೆ ಡೀಸೆಲ್ ಬರುವುದಿಲ್ಲ. ಕಿಲೋಮೀಟರಿಗೆ ಇಷ್ಟು, ಕಾಯುವ ಗಂಟೆಗೆ ಇಷ್ಟು ಎಂದು ದರ ನಿಗದಿಯಾಗಬೇಕು, ಹದಿನೈದು ದಿನದೊಳಗೆ ಹಣ ಖಾತೆಗೆ ಬೀಳಬೇಕು, ವಿಮೆ ಸರ್ಕಾರದ್ದಾಗಬೇಕು. ಆಶಾ ಕಾರ್ಯಕರ್ತೆಯರ ಗೌರವಧನದ ಹೋರಾಟ ಕಂಡವರಿಗೆ ನಾನೇಕೆ ಇದನ್ನು ಒತ್ತಿ ಹೇಳುತ್ತಿದ್ದೇನೆಂದು ಬಿಡಿಸಿ ಹೇಳಬೇಕಿಲ್ಲ.

ಹಣ ಹಂಚಲು ಹೊಸ ನಿಗಮವೂ ಬೇಡ, ಅದಕ್ಕೊಬ್ಬ ಅಧ್ಯಕ್ಷನೂ ಬೇಡ. ಆಸ್ಪತ್ರೆಗಳಲ್ಲಿ ಆರೋಗ್ಯ ರಕ್ಷಾ ಸಮಿತಿಗಳಿವೆ, ಊರಿನಲ್ಲಿ ಗ್ರಾಮ ಪಂಚಾಯಿತಿಯಿದೆ. ಗಾಡಿಗಳ ಪಟ್ಟಿ ಪಂಚಾಯಿತಿ ಮಾಡಲಿ, ಚೀಟಿ ಆಸ್ಪತ್ರೆ ಕೊಡಲಿ, ಖರ್ಚನ್ನು ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕದ ಚಿಕಿತ್ಸೆಯ ಲೆಕ್ಕಕ್ಕೇ ಸೇರಿಸಲಿ. 108ರ ಹೊಣೆ ಹೊರಲು ಹೊರಟಿರುವ ಆರೋಗ್ಯ ಇಲಾಖೆ ಈ ಕೆಲಸವನ್ನು ಡಯಾಲಿಸಿಸ್‌ನಿಂದಲೇ ಶುರುಮಾಡಬಹುದು. ಯಾರು, ಯಾವ ವಾರ, ಎಷ್ಟು ಗಂಟೆಗೆ ಬರಬೇಕು ಎಂಬ ಪಾಳಿಯ ಪಟ್ಟಿ ಪ್ರತಿ ಕೇಂದ್ರದಲ್ಲೂ ಇದೆ. ಆ ಹೆಸರುಗಳ ಮುಂದೆ ಊರು ಯಾವುದು, ಹೇಗೆ ಬಂದಿರಿ, ಎಷ್ಟು ಕೊಟ್ಟಿರಿ ಎಂದು ಕೇಳಿ ಬರೆದುಕೊಳ್ಳಲು ಸಚಿವ ಸಂಪುಟದ ಒಪ್ಪಿಗೆ ಬೇಕಿಲ್ಲ. ನಾಳೆ ಬೆಳಗಿನ ಪಾಳಿಯಲ್ಲೇ ಕೇಳಲಿ.